ಕಾರು ತೊಳೆದರೆ ಸಾಲದು, ಒರೆಸುವ ಅರಿವೀನೂ ತೊಳೀರಿ

ಸೊಲ್ಲಾಪುರ: ಅಕ್ಕಲಕೋಟೆ, ಗಾಣಗಾಪುರ, ತುಳಜಾಪುರ, ಪಂಢರಪುರ ಎಂದು ಭಕ್ತರನ್ನು ಹೊತ್ತು ತಿರುಗುವ ಬಾಡಿಗೆ ಕಾರುಗಳಿಗೆ ಈ ಭಾಗದಲ್ಲಿ ಬಿಡುವು ಕಡಿಮೆ. ಗಾಡಿ ಹೊರಡುವ ಮುನ್ನ ಒಂದು ಬಕೆಟ್ ನೀರು, ಒಂದು ಅರಿವಿ ಹಿಡಿದು ಬಾನೆಟ್ ಒರೆಸುವುದು ಚಾಲಕರ ನಿತ್ಯದ ಕೆಲಸ. ಆದರೆ ವರ್ಷ ಕಳೆಯುವುದರೊಳಗೆ ಹೊಳಪು ಮಾಸಿ, ಬಿಸಿಲಿನಲ್ಲಿ ನೋಡಿದರೆ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣತೊಡಗುತ್ತವೆ. 'ಬಣ್ಣಾನೇ ಸುಮಾರೈತ್ರಿ' ಎಂದು ಕಾರಿನ ಕಂಪನಿಯನ್ನು ಬೈಯುವವರುಂಟು. ಅನೇಕ ಸಲ ತಪ್ಪು ಬಣ್ಣದ್ದಲ್ಲ, ಕೈಯಲ್ಲಿರುವ ಹೊಲಸು ಅರಿವಿಯದು.

ಕೂದಲಿಗಿಂತ ತೆಳು

ಈಗಿನ ಕಾರುಗಳ ಬಣ್ಣದ ಮೇಲೆ 'ಕ್ಲಿಯರ್ ಕೋಟ್' ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಅಂದರೆ ತಲೆಗೂದಲಿಗಿಂತ ತೆಳು. ಅರಿವಿಯಲ್ಲಿ ಸಿಕ್ಕಿಕೊಂಡ ಉಸುಕಿನ ಕಣ ಇದನ್ನು ಸುಲಭವಾಗಿ ಗೀರುತ್ತದೆ. ಗೀರು ಹೋಗಲೆಂದು ಪಾಲಿಶ್ ಹೊಡೆಸಿದರೆ ಪ್ರತಿ ಸಲವೂ ಈ ಪದರ ಒಂದಿಷ್ಟು ಸವೆಯುತ್ತದೆ. ಖರ್ಚೂ ಆಯಿತು, ಕಾರಿನ ಆಯುಷ್ಯವೂ ಹೋಯಿತು. ಕಾರನ್ನೇ ನಂಬಿ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ. ಮಾರುವಾಗ ಗಿರಾಕಿ ಮೊದಲು ನೋಡುವುದು ಮೇಲಿನ ಹೊಳಪನ್ನೇ.

ಹತ್ತಿ ಬೇರೆ, ಮೈಕ್ರೊಫೈಬರ್ ಬೇರೆ

ಸೊಲ್ಲಾಪುರದವರಿಗೆ ಟವೆಲ್ ಬಗ್ಗೆ ಹೇಳಿಕೊಡಬೇಕಿಲ್ಲ. ಇಲ್ಲಿನ ಚಾದರದಂತೆ ಟೆರ್ರಿ ಟವೆಲ್‌ಗೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಹತ್ತಿಯ ನೂಲು ನೀರನ್ನು ತಾನೇ ಹೀರುತ್ತದೆ, ಬಿಸಿನೀರಿಗೂ ಜಗ್ಗುವುದಿಲ್ಲ. ಕಾರಿನ ಒಳಭಾಗ, ಬಾಗಿಲ ಸಂದು, ಚಕ್ರ ಒರೆಸಲು ಇದು ಸಾಕು.

ಮೈಕ್ರೊಫೈಬರ್ ಕತೆ ಬೇರೆ. ಅದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿಸಿ ಮಾಡಿದ ಅತಿ ಸಣ್ಣ ಎಳೆಗಳ ಬಟ್ಟೆ. ಸಾಮಾನ್ಯವಾಗಿ 80:20 ಇಲ್ಲವೇ 70:30 ಪ್ರಮಾಣದಲ್ಲಿರುತ್ತದೆ. ನೀರು, ಧೂಳು ನಿಲ್ಲುವುದು ಎಳೆಗಳ ನಡುವಿನ ಸಂದುಗಳಲ್ಲಿ. ಈ ಸಂದು ಮುಚ್ಚಿತೆಂದರೆ ಬಟ್ಟೆ ಕೆಟ್ಟಿತೆಂದೇ ಲೆಕ್ಕ. ಮೆತ್ತಗಾಗಲೆಂದು ಹಾಕುವ ಫ್ಯಾಬ್ರಿಕ್ ಸಾಫ್ಟನರ್ ಎಳೆಗಳ ಮೇಲೆ ಜಿಡ್ಡಿನಂತೆ ಕೂತು ಇದೇ ಕೆಲಸ ಮಾಡುತ್ತದೆ. ಅತಿ ಬಿಸಿ ತಗುಲಿದರೆ ಎಳೆಗಳ ತುದಿ ಕರಗಿ ಒರಟಾಗುತ್ತವೆ.

ಒಗೆಯುವ ಕ್ರಮ

* ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಬಳಸಬೇಕು. ಅಂಚಿನ ಲೇಬಲ್ ಕತ್ತರಿಸಿ ತೆಗೆಯಬೇಕು, ಅದೂ ಗೀರುತ್ತದೆ.
* ಮೊದಲು ಚೆನ್ನಾಗಿ ಝಾಡಿಸಿ, ಬಳಿಕ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ವ್ಯಾಕ್ಸ್, ಪಾಲಿಶ್ ಹತ್ತಿದ್ದರೆ ಒಣಗುವ ಮುನ್ನವೇ ನೆನೆಸುವುದು ಲೇಸು.
* ದ್ರವ ರೂಪದ ಡಿಟರ್ಜೆಂಟ್ ಸ್ವಲ್ಪ ಸಾಕು. ಪುಡಿ ಪೂರ್ತಿ ಕರಗದಿದ್ದರೆ ಎಳೆಗಳಲ್ಲಿ ಉಳಿಯುತ್ತದೆ. ಬ್ಲೀಚ್, ಸಾಫ್ಟನರ್ ಬೇಡ.
* ಹತ್ತಿ ಬಟ್ಟೆಯ ಜೊತೆ ಹಾಕಬಾರದು. ಹತ್ತಿಯ ನಾರು ಮೈಕ್ರೊಫೈಬರ್‌ಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.
* ಒಗೆಯುವ ಕಲ್ಲಿನ ಮೇಲೆ ಕುಕ್ಕಬಾರದು. ನೊರೆ ಹೋಗುವ ತನಕ ಜಾಲಾಡಿ ಹಿಂಡಿ, ಧೂಳಿಲ್ಲದ ನೆರಳಲ್ಲಿ ಒಣಹಾಕಬೇಕು. ಇಸ್ತ್ರಿ ಮಾಡಬಾರದು.
* ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿಡಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್ ಜೊತೆ ತುರುಕಿದರೆ ಒಗೆದದ್ದು ವ್ಯರ್ಥ.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಒಗೆದ ಬಟ್ಟೆ ಒಣಗಿದಾಗ ಸೆಟೆದುಕೊಳ್ಳುತ್ತದೆ. ನೀರಿನ ಸುಣ್ಣದಂಶ ಅದರಲ್ಲಿ ಕೂತಿರುತ್ತದೆ. ಕೊನೆಯ ಸಲ ಜಾಲಾಡುವಾಗ ಬಕೆಟ್‌ಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿದರೆ ಅದು ಸಡಿಲಾಗುತ್ತದೆ. ವಿನೆಗರನ್ನು ಬ್ಲೀಚ್ ಜೊತೆ ಮಾತ್ರ ಎಂದೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ.

ಬಿದ್ದ ಅರಿವಿ ಬಣ್ಣಕ್ಕೆ ಬೇಡ

ಅರಿವಿ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಬಾನೆಟ್ ಮೇಲೆ ಎಳೆಯುವುದು ಎಲ್ಲೆಡೆ ಕಾಣುವ ಅಭ್ಯಾಸ. ಕಾರಿನ ಬಣ್ಣಕ್ಕೆ ಇದೇ ದೊಡ್ಡ ಶತ್ರು. ಬಿದ್ದದ್ದನ್ನು ಒಗೆಯಲು ಬದಿಗಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಕು. ಬಣ್ಣಕ್ಕೊಂದು, ಗಾಜಿಗೊಂದು, ಚಕ್ರಕ್ಕೊಂದು ಎಂದು ಬೇರೆ ಬೇರೆ ಬಣ್ಣದ ಅರಿವಿ ಇಟ್ಟರೆ ಅದಲುಬದಲಾಗದು. ನಾಲ್ಕು ಮಡಿಕೆ ಮಾಡಿ ಹಿಡಿದರೆ ಒಂದೇ ಬಟ್ಟೆಯಲ್ಲಿ ಎಂಟು ಮೈ ಸಿಗುತ್ತವೆ. ಒಂದು ಮಾಸಿದಾಗ ಇನ್ನೊಂದು ತಿರುವಿಕೊಳ್ಳಬಹುದು. ಒಣ ಧೂಳಿನ ಮೇಲೆ ಒಣ ಅರಿವಿ ಆಡಿಸದೆ ಮೊದಲು ನೀರು ಹನಿಸುವುದು ಒಳ್ಳೆಯದು.

ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯ ಎನ್ನಬಹುದು. ದಿನಕ್ಕೊಂದರಂತೆ ಒಗೆಯದೆ ಏಳೆಂಟು ಅರಿವಿ ಕೂಡಿಹಾಕಿ ವಾರಕ್ಕೊಮ್ಮೆ ಒಗೆದರೆ ನೀರು ಉಳಿಯುತ್ತದೆ. ಕಡೆಯ ಸಲ ಜಾಲಾಡಿದ ನೀರನ್ನು ಚಕ್ರ, ಮಡ್‌ಗಾರ್ಡ್ ತೊಳೆಯಲು ಬಳಸಬಹುದು. ಒಗೆದ ಮೇಲೂ ನೀರು ಹೀರದೆ ಅತ್ತಿತ್ತ ತಳ್ಳುವ, ಮುಟ್ಟಿದರೆ ಒರಟೆನಿಸುವ ಅರಿವಿಯನ್ನು ಬಣ್ಣದಿಂದ ಬಿಡಿಸಿ ಚಕ್ರಕ್ಕೆ, ಅಲ್ಲಿಂದ ಎಂಜಿನ್‌ಗೆ ಇಳಿಸಿದರಾಯಿತು.