ಮಳೆಯ ಲೆಕ್ಕವನ್ನು ಹಂಚಿಕೊಂಡ ಯಂತ್ರಗಳು

ವಾರಾಹಿಯ ದಂಡೆಯ ಹಟ್ಟಿಯಂಗಡಿಯಿಂದ ಮೂಡಣದ ಘಟ್ಟವೇನೂ ಬಹುದೂರವಲ್ಲ. ಕಡಲಿನ ನೀರಾವಿಯನ್ನು ಹೊತ್ತ ಮುಂಗಾರು ಗಾಳಿಯು ಆ ಗೋಡೆಗೆ ತಾಗಿ, ಮೇಲೇರಿ, ತಣಿದು ಮಳೆಯಾಗಿ ಸುರಿಯುವುದೆಂಬುದನ್ನು ಶಾಲೆಯ ಬಾಲಕನೂ ಬಲ್ಲ. ಆದರೆ ನಾಳಿದ್ದು ಎಷ್ಟು ಸುರಿದೀತು, ನಟ್ಟಿಗೆ ಗದ್ದೆಗಿಳಿಯಬಹುದೇ, ಹೊಳೆ ಉಕ್ಕೀತೇ ಎಂದು ಕೇಳಿದರೆ ಉತ್ತರವು ಲೆಕ್ಕದಿಂದ ಬರಬೇಕು. ಆ ಲೆಕ್ಕವೋ ಒಂದು ಯಂತ್ರದ ಶಕ್ತಿಗೆ ಮೀರಿದ್ದು.

ವಾಯುಮಂಡಲವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರ ಗಾಳಿ, ಶಾಖ, ತೇವಗಳು ಕೆಲವು ನಿಮಿಷಗಳಲ್ಲಿ ಹೇಗೆ ಬದಲಾಗುವುವೆಂದು ಎಣಿಸುತ್ತ ಹೋಗುವುದೇ ಇದರ ಕ್ರಮ. ಚೌಕದ ಬದಿ ನೂರು ಕಿಲೋಮೀಟರಾದರೆ ಕಡಲೂ ಗದ್ದೆಯೂ ಘಟ್ಟವೂ ಒಂದೇ ಅಂಕಿಯಲ್ಲಿ ಅಡಗಿ, ಘಟ್ಟವು ಬರಿಯ ದಿಣ್ಣೆಯಾಗಿಬಿಡುತ್ತದೆ. ಬದಿಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಮಡಿ. ಕಾಲದ ಹೆಜ್ಜೆಯನ್ನೂ ಅರ್ಧಮಾಡಬೇಕಾದುದರಿಂದ ಕೆಲಸ ಎಂಟುಮಡಿ! ಹಲವು ಯಂತ್ರಗಳಿಗೆ ಹಂಚದೆ ಗತಿಯಿಲ್ಲ.

ಹಂಚುವ ಬಗೆಯನ್ನು ತಿಳಿಯಲು ದೇವಸ್ಥಾನದ ಸಮಾರಾಧನೆಯ ಅಡಿಗೆಮನೆಯನ್ನು ನೆನೆದರೆ ಸಾಕು. ನಾಲ್ವರು ಅಡಿಗೆಯವರಿಗೆ ಒಂದೇ ಉಗ್ರಾಣ. ಬೇಕಾದುದನ್ನು ಕೈಚಾಚಿ ತೆಗೆದುಕೊಳ್ಳಬಹುದು. ಆದರೆ ಒಬ್ಬನು ಉಪ್ಪು ಹಾಕಿದ್ದನ್ನರಿಯದೆ ಇನ್ನೊಬ್ಬನೂ ಅದೇ ಕೊಪ್ಪರಿಗೆಗೆ ಹಾಕಿದರೆ ಊಟ ಕೆಟ್ಟಿತು. ಒಂದೇ ಸ್ಮೃತಿಕೋಶವನ್ನು ಹಂಚಿಕೊಂಡ ಗಣಕಗಳ ಪಾಡೂ ಇದೇ. ‘ಅವನು ಮುಗಿಸುವ ತನಕ ನೀನು ಮುಟ್ಟಬೇಡ’ ಎಂಬ ಕಟ್ಟಳೆಯನ್ನು ಕ್ರಮವಿಧಿ ಬರೆಯುವವನೇ ಹಾಕಬೇಕು. ಕಟ್ಟಳೆ ಅತಿಯಾದರೆ ಎಲ್ಲರೂ ಕಾಯುತ್ತ ಕುಳಿತಾರು. ಇಂಥ ಅಡಿಗೆಮನೆಗಳು ನೂರಾರಿದ್ದು, ಒಂದೊಂದಕ್ಕೂ ಬೇರೆ ಉಗ್ರಾಣವಿದ್ದರಂತೂ ನಡುವೆ ಆಳುಗಳನ್ನು ಅಟ್ಟುತ್ತಲೇ ಇರಬೇಕು. ಒಂದು ತುಂಡಿನ ಅಂಚಿನ ಗಾಳಿ ನೆರೆಯ ತುಂಡಿಗೆ ನುಗ್ಗುವುದರಿಂದ ಪ್ರತಿ ಹೆಜ್ಜೆಗೂ ಅಂಕಿಗಳ ವಿನಿಮಯವಾಗಲೇಬೇಕಷ್ಟೆ. ಇಂದು ಒಳಗಿನ ವ್ಯವಹಾರಕ್ಕೆ 1997ರಲ್ಲಿ ಬಂದ ಓಪನ್‌ಎಂಪಿ, ಹೊರಗಿನದಕ್ಕೆ 1994ರ ಎಂಪಿಐ ಎಂಬ ನಿಯಮಗಳನ್ನು ಜೊತೆಗೂಡಿಸುವುದು ವಾಡಿಕೆ.

ಈ ನಿಯಮಗಳು ರೂಪುಗೊಳ್ಳುವ ಮೊದಲೇ ನಮ್ಮ ಬೆಂಗಳೂರಿನಲ್ಲಿ ಈ ಸಾಹಸ ನಡೆದಿತ್ತು. ರೊದ್ದಂ ನರಸಿಂಹರು ನಿರ್ದೇಶಕರಾಗಿದ್ದ ಎನ್‌ಎಎಲ್ ಪ್ರಯೋಗಾಲಯದಲ್ಲಿ 1986ರಲ್ಲಿ ನಾಲ್ಕು ಇಂಟೆಲ್ 8086 ಸಂಸ್ಕಾರಕಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಕಟ್ಟಿದರು. ವಿಮಾನದ ರೆಕ್ಕೆಯನ್ನು ಸವರುವ ಗಾಳಿಗೂ ಮುಂಗಾರಿಗೂ ಮೂಲಸೂತ್ರಗಳು ಒಂದೇ ಆದುದರಿಂದ, ಅದರ ಮುಂದಿನ ಪೀಳಿಗೆಯ ಯಂತ್ರಗಳು ಮಳೆಯ ಲೆಕ್ಕಕ್ಕೂ ಇಳಿದವು. ಆ ಕ್ರಮವಿಧಿಯ ಹೆಸರು ‘ವರ್ಷಾ’. ಯಂತ್ರದ ಹೆಸರಿನಲ್ಲಿಲ್ಲದ ಸೊಗಸು ಇದರಲ್ಲಿದೆ! ಅಂಕಿಗಳನ್ನು ಬರಿದೆ ಸಾಗಿಸದೆ ದಾರಿಯಲ್ಲಿಯೇ ಕೂಡಿಸಿಕೊಡುವ ‘ಫ್ಲೋಸ್ವಿಚ್’ ಎಂಬ ಸಾಧನವನ್ನೂ ಅಲ್ಲಿಯೇ ರಚಿಸಿದರು. ಅಕ್ಕಿ ತರಹೋದ ಆಳು ಹಾದಿಯಲ್ಲೇ ಲೆಕ್ಕವನ್ನೂ ಮುಗಿಸಿ ಬಂದಂತೆ.

2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರು ಬದಿಯ ಚೌಕಗಳ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಳಕೆಗೆ ಬಂದಿತು. ಪುಣೆಯ ‘ಅರ್ಕ’ ಎಂಬ ಮಹಾಗಣಕ ಅದರ ಬೆನ್ನಿಗಿದೆ. ಕುಂದಾಪುರದ ಪೇಟೆಗೊಂದು, ಹಟ್ಟಿಯಂಗಡಿಯ ಗದ್ದೆಗೊಂದು ಚೌಕ ಬೇರೆಯಾಗಿ ಸಿಗಬಹುದಾದಷ್ಟು ಸಣ್ಣ ಅಳತೆ ಇದು. ಆದರೂ ಒಂದೇ ಗದ್ದೆಬಯಲಿನ ಮೇಲೆ ಸುರಿದುಹೋಗುವ ಮೋಡವು ಆರು ಕಿಲೋಮೀಟರಿಗಿಂತ ಕಿರಿದು. ಅಳತೆಯನ್ನು ಮೂರಕ್ಕಿಳಿಸಬೇಕೆಂದರೆ ಮತ್ತೆ ಎಂಟುಮಡಿ ಲೆಕ್ಕ.