ಅರವತ್ತಕ್ಕೆ ಅರಳು, ಮರಳು

ಮಕ್ಕಳೇ, ನೀವು ಹೇಮಾವತಿಯನ್ನು ನೋಡಿದ್ದೀರಾ? ಮಡಕಶಿರ ಸೀಮೆಯ ಅಮರಾಪುರ ಮಂಡಲಕ್ಕೆ ಸೇರಿದ ಈ ಊರಿನ ಹಳೆಯ ಹೆಸರು ಹೆಂಜೇರು. ಸಾವಿರ ವರ್ಷಗಳಿಗೂ ಹಿಂದೆ ಇದು ನೊಳಂಬ ಅರಸರ ರಾಜಧಾನಿಯಾಗಿತ್ತು. ಇಲ್ಲಿಯ ದೊಡ್ಡೇಶ್ವರ ದೇವಾಲಯದಲ್ಲಿ ಕಪ್ಪು ಕಲ್ಲಿನ ನಂದಿಯೊಂದು ಆ ಕಾಲದಿಂದಲೂ ಕಾಲು ಮಡಿಸಿ ಕುಳಿತಿದೆ. ಅದರ ಎದುರಿಗೆ ನಿಂತರೆ ಎಂಬತ್ತು ವರ್ಷದ ತಾತನೂ ಎಳೆಯ ಮಗುವೇ!

ಆದರೆ ಮನೆಗೆ ಬಂದರೆ ತಾತ ಮತ್ತೆ ಮುದುಕರಾಗಿಬಿಡುತ್ತಾರೆ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತಾರೆ. ಅಜ್ಜಿ ನಿಮ್ಮನ್ನು ಕರೆಯಹೋಗಿ, ನಿಮ್ಮ ಅಣ್ಣ, ಅಕ್ಕ, ಚಿಕ್ಕಪ್ಪ ಎಲ್ಲರ ಹೆಸರನ್ನೂ ಹೇಳಿ ಕೊನೆಗೆ ನಿಮ್ಮ ಹೆಸರಿಗೆ ಬರುತ್ತಾರೆ. ಆಗ ಯಾರಾದರೂ, "ಅರವತ್ತಕ್ಕೆ ಅರಳು ಮರಳು" ಎಂದು ನಗುತ್ತಾರೆ. ವಯಸ್ಸಾದವರ ಬುದ್ಧಿ ಮಸುಕಾಗುತ್ತದೆ ಎಂಬುದು ಈ ಗಾದೆಯ ಅರ್ಥ.

ವರಕವಿ ದ. ರಾ. ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ. ಅವರಿಗೆ ಅರವತ್ತು ತುಂಬಿದ ಮೇಲೆ ಒಂದು ಕವನ ಸಂಗ್ರಹ ಹೊರಬಂದಿತು. ಅದರ ಹೆಸರೇನು ಗೊತ್ತೇ? 'ಅರಳು ಮರಳು'! ಜನರು ಮುದುಕರನ್ನು ಹಾಸ್ಯ ಮಾಡುವ ಮಾತೇ ಪುಸ್ತಕದ ಹೆಸರಾಯಿತು. ಈಗ ಆ ಎರಡು ಪದಗಳನ್ನು ಬಿಡಿಸಿ ನೋಡಿ. ಅರಳು ಎಂದರೆ ಹೂವಿನಂತೆ ಬಿರಿಯುವುದು. ಮರಳು ಎಂದರೆ ತಿರುಗಿ ಬರುವುದು. ಬೈಗುಳದಂತಿದ್ದ ಮಾತು ಮತ್ತೆ ಅರಳುವ ಮಾತಾಯಿತಲ್ಲವೇ? ಈ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮುಂದೆ 1964ರಲ್ಲಿ ಪ್ರಕಟವಾದ ಅವರ 'ನಾಕುತಂತಿ' ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಲಲಿತ ಪ್ರಬಂಧಗಳಿಗೆ ಹೆಸರಾದ ಎ. ಎನ್. ಮೂರ್ತಿರಾಯರಂತೂ 'ದೇವರು' ಎಂಬ ಪುಸ್ತಕವನ್ನು ಪ್ರಕಟಿಸಿದ್ದು 1991ರಲ್ಲಿ. ಆಗ ಅವರ ವಯಸ್ಸು 91.

ಹಾಗಾದರೆ ವಯಸ್ಸಾದಾಗ ನಿಜವಾಗಿ ಆಗುವುದೇನು? ಕೂದಲಿನ ಬುಡದಲ್ಲಿ ಮೆಲನಿನ್ ಎಂಬ ಬಣ್ಣವನ್ನು ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತವೆ. ಕೂದಲು ನೆರೆಯುತ್ತದೆ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ನೀರಿನ ಅಂಶವನ್ನು ಕಳೆದುಕೊಂಡು ತೆಳ್ಳಗಾಗುತ್ತವೆ. ಎತ್ತರ ತುಸು ತಗ್ಗುತ್ತದೆ. ಕಣ್ಣಿನ ಮಸೂರ ಗಡುಸಾಗುವುದರಿಂದ ಸುಮಾರು ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುತ್ತದೆ. ಆದ್ದರಿಂದಲೇ ತಾತ ಪತ್ರಿಕೆಯನ್ನು ದೂರ ಹಿಡಿಯುತ್ತಾರೆ. ಅವರ ಕಣ್ಣಿಗೆ ತೊಂದರೆಯಿಲ್ಲ, ಕೈ ಮಾತ್ರ ಸಾಲದು!

ಕಿವಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಜೀವಕೋಶಗಳಿವೆ. ಒಮ್ಮೆ ನಶಿಸಿದರೆ ಅವು ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಕೀರಲು ಶಬ್ದಗಳನ್ನು ಗ್ರಹಿಸುವ ಶಕ್ತಿ ಮೊದಲು ಕುಂದುತ್ತದೆ. ಸ, ಶ ಮುಂತಾದ ಅಕ್ಷರಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ. ನೀವು "ಸಾರು" ಎಂದರೆ ಅಜ್ಜಿಗೆ "ಯಾರು" ಎಂದು ಕೇಳಿಸಬಹುದು. ಆಗ ಕಿರುಚಬೇಡಿ. ಕಿರುಚಿದರೆ ದನಿ ಇನ್ನಷ್ಟು ಕೀರಲಾಗುತ್ತದೆ. ಅವರ ಮುಖಕ್ಕೆ ಎದುರಾಗಿ ನಿಂತು, ನಿಧಾನವಾಗಿ, ಬಿಡಿಸಿ ಹೇಳಿ. ತುಟಿಯ ಚಲನೆಯನ್ನು ನೋಡಿ ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಹೆಸರುಗಳು ನೆನಪಿಗೆ ಬರುವುದು ತಡವಾಗಬಹುದು. ಆದರೆ ಬಹಳ ಕಾಲದಿಂದ ಕೂಡಿಸಿಟ್ಟ ಪದಗಳು, ಕಸುಬಿನ ತಿಳಿವಳಿಕೆ ಸುಲಭವಾಗಿ ಅಳಿಯುವುದಿಲ್ಲ. ತಾತ ಇಂದಿಗೂ ನಮ್ಮದು ಅನಂತಪುರ ಜಿಲ್ಲೆ ಎನ್ನಬಹುದು. ಮಡಕಶಿರ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ ತಾನೇ? ಇದು ಮರೆವಲ್ಲ, ರೂಢಿ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹಿರಿಯರು ದಿನವೂ ನಡೆಯುವ ದಾರಿಯನ್ನೇ ಮರೆತರೆ, ಪದೇ ಪದೇ ಎಡವಿ ಬಿದ್ದರೆ, ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅದನ್ನು ವಯಸ್ಸಿನ ತಮಾಷೆ ಎಂದು ಬಿಡಬಾರದು. ಕೂಡಲೇ ದೊಡ್ಡವರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಗುವುದು ತಪ್ಪಲ್ಲ. ತಾತ ತಮ್ಮ ಬೊಚ್ಚುಬಾಯಿಯನ್ನು ತಾವೇ ಹಾಸ್ಯ ಮಾಡಿಕೊಂಡಾಗ ನೀವೂ ಅವರ ಜೊತೆಗೆ ನಗಿ. ಆದರೆ ಅವರು ನಗದಿರುವಾಗ ನೀವು ನಕ್ಕರೆ ಅದು ಅಪಹಾಸ್ಯವಾಗುತ್ತದೆ. ಪದೇ ಪದೇ ಅಪಹಾಸ್ಯಕ್ಕೆ ಗುರಿಯಾದವರು ಮಾತನಾಡುವುದನ್ನೇ ಬಿಡುತ್ತಾರೆ. ಆಗ ಅವರಲ್ಲಿರುವ ಕಥೆಗಳೂ ನಿಮಗೆ ಸಿಗದೆ ಹೋಗುತ್ತವೆ.

"ಮರ ಮುಪ್ಪಾದರೆ ಹುಳಿ ಮುಪ್ಪೇ?" ಎಂದು ಕನ್ನಡದ ಗಾದೆ ಕೇಳುತ್ತದೆ. "ಚಿಂತ ಚಚ್ಚಿನಾ ಪುಲುಪು ಚಾವಲೇದು" ಎಂದು ತೆಲುಗಿನ ಗಾದೆ ಹೇಳುತ್ತದೆ. ಹುಣಸೆ ಮರ ಸತ್ತರೂ ಅದರ ಹುಳಿ ಸಾಯಲಿಲ್ಲವಂತೆ. ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಎರಡೂ ಗೊತ್ತಿರಬೇಕು. ಇಂದು ಸಂಜೆ ಮನೆಯ ಹಿರಿಯರ ಬಳಿ ಕುಳಿತು, ಅವರು ನಿಮ್ಮಷ್ಟು ಚಿಕ್ಕವರಾಗಿದ್ದಾಗ ಮಾಡಿದ ಒಂದು ತುಂಟತನವನ್ನು ಕೇಳಿ. ಹುಳಿ ಎಷ್ಟು ಉಳಿದಿದೆ ಎಂಬುದು ನಿಮಗೇ ತಿಳಿಯುತ್ತದೆ.