ಹೆಡ್‌ಲೈಟ್ ಬಲ್ಬ್ ಬದಲಿಸೋ ಮುಂಚೆ ಒಂದು ಮಲ್ಟಿಮೀಟರ್ ಹಿಡೀರಿ

ಈ ವಾರದ ವಿಡಿಯೋದ ಬರಹ ರೂಪ ಇದು. ಶೂಟ್ ಮಾಡಿದ್ದು ಧಾರಾವಿಯ 90 ಫೀಟ್ ರೋಡ್ ಪಕ್ಕದ ಒಂದು ಓಣಿಯಲ್ಲಿ, ಕಾರ್ ವೈರಿಂಗ್ ಮಾಡುವ ಪುಟ್ಟ ಅಂಗಡಿಯೊಂದರ ಮುಂದೆ. ಪಕ್ಕದ ಶೆಡ್ಡಿನ ಗ್ರೈಂಡರ್ ಸದ್ದಿಗೆ ನನ್ನ ಅರ್ಧ ಮಾತು ಕೇಳಿಸೋದೇ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ಮುಂಬೈ ಊರೊಳಗೆ ಓಡಾಡುವಾಗ ಹೆಡ್‌ಲೈಟ್ ಮಂಕಾಗಿದೆ ಅಂತ ಗೊತ್ತೇ ಆಗಲ್ಲ. ಬೀದಿದೀಪ, ಅಂಗಡಿ ಬೋರ್ಡು, ಹಿಂದಿನ ಬಸ್ಸಿನ ಲೈಟು, ಎಲ್ಲಾ ಸೇರಿ ರಸ್ತೆ ಬೆಳಗುತ್ತೆ. ಗೊತ್ತಾಗೋದು ನಾವು ಹಬ್ಬಕ್ಕೆ ಊರಿಗೆ ಹೊರಟಾಗ. ಹುಬ್ಬಳ್ಳಿ, ಬೆಂಗಳೂರು ಕಡೆಯವರಿಗೆ ಸಾತಾರಾ ಹತ್ತಿರದ ಖಂಬಾಟ್ಕಿ ಘಾಟಿನಲ್ಲಿ, ಉಡುಪಿ, ಮಂಗಳೂರು ಕಡೆಯವರಿಗೆ ಎನ್‌ಎಚ್ 66ರ ಕಶೇಡಿ ಘಾಟಿನಲ್ಲಿ, ಮಳೆಗಾಲದಲ್ಲಿ ಆಂಬೋಲಿ ಹಿಡಿದು ಬೆಳಗಾವಿಗೆ ಹೋಗೋರಿಗೆ ಮಂಜಿನ ಮಧ್ಯೆ. ಅಲ್ಲಿ ಒಂದು ಸಲ ಕಣ್ಣು ಕಿರಿದು ಮಾಡಿ ಓಡಿಸಿದ ಮೇಲೆ, ವಾಪಸ್ ಬಂದವರು ಮೊದಲು ಮಾಡೋ ಕೆಲಸ "20,000 ಲ್ಯೂಮೆನ್" ಅಂತ ಬರೆದಿರೋ ಎಲ್‌ಇಡಿ ಡಬ್ಬಿ ತರಿಸೋದು.

ಆ ಸಂಖ್ಯೆಯನ್ನೇ ಮೊದಲು ನೋಡೋಣ. ಒಳ್ಳೆ ಎಲ್‌ಇಡಿ ಒಂದು ವ್ಯಾಟಿಗೆ 100ರಿಂದ 150 ಲ್ಯೂಮೆನ್ ಕೊಡುತ್ತೆ. 20,000 ಬೇಕು ಅಂದ್ರೆ 130ರಿಂದ 200 ವ್ಯಾಟ್ ಬೇಕು. ಹೆಬ್ಬೆರಳಿನಷ್ಟು ಜಾಗದಲ್ಲಿ, ಒಂದು ಪುಟಾಣಿ ಫ್ಯಾನ್ ಇಟ್ಟು ಅಷ್ಟು ಶಾಖ ಹೊರಗೆ ಹಾಕೋದು ಸಾಧ್ಯ ಇಲ್ಲ. ಅದೇ ಡಬ್ಬಿಯ ಹಿಂಬದಿ 25 ವ್ಯಾಟ್ ಅಂತ ಬರೆದಿದ್ರೆ, ಸಿಗೋದು ಹೆಚ್ಚೆಂದರೆ 3,000 ಚಿಲ್ಲರೆ. ಹೋಲಿಕೆಗೆ, ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬಿನ ಮಾನಕ ಲೋ ಬೀಮಿಗೆ 1,000, ಹೈ ಬೀಮಿಗೆ 1,650 ಲ್ಯೂಮೆನ್, ಅದೂ 13.2 ವೋಲ್ಟಿನಲ್ಲಿ. ಈ 13.2 ಅನ್ನೋದನ್ನ ನೆನಪಿಟ್ಕೊಳ್ಳಿ, ಇಡೀ ಕಥೆ ಅಲ್ಲೇ ಇದೆ.

ನಮ್ಮ ಕಾರು ಎಂಟು ವರ್ಷ ಹಳೇ ಹ್ಯಾಚ್‌ಬ್ಯಾಕ್. ಅಂಗಡಿಯವರು ಕಲಬುರಗಿ ಕಡೆಯವರು, ಕ್ಯಾಮೆರಾದಲ್ಲಿ ಮುಖ ಬೇಡ ಅಂದರು. ಬಲ್ಬಿನ ಡಬ್ಬಿ ತೆಗೆಯೋ ಬದಲು ಅವರು ಮಲ್ಟಿಮೀಟರ್ ತೆಗೆದರು. ಎಂಜಿನ್ ಆನ್, ಲೈಟ್ ಆನ್. ಬ್ಯಾಟರಿ ತುದಿಯಲ್ಲಿ 13.8 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 12.4. ನಡುವೆ 1.4 ವೋಲ್ಟ್ ಮಾಯ.

"ಒಂದೂವರೆ ವೋಲ್ಟಿಗೆ ಏನಾಗುತ್ತೆ ಬಿಡಿ" ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರ ಅನುಪಾತದಲ್ಲಿ ಏರಿಳಿಯಲ್ಲ, ಸುಮಾರು 3.4ನೇ ಘಾತದಲ್ಲಿ ಏರಿಳಿಯುತ್ತೆ. ವೋಲ್ಟೇಜ್ ಶೇಕಡಾ 10 ಕಡಿಮೆ ಆದ್ರೆ ಬೆಳಕು ಶೇಕಡಾ 30 ಕಡಿಮೆ. ತಂತಿ ಸ್ವಲ್ಪ ತಣ್ಣಗಾದರೂ ಅದು ಹೊರಸೂಸೋದರಲ್ಲಿ ಕಣ್ಣಿಗೆ ಕಾಣೋ ಭಾಗ ಬೇಗ ಕುಸಿಯುತ್ತೆ, ಕೆಂಪಾಗುತ್ತೆ. ನಾವು "ಬಲ್ಬ್ ಹಳದಿ ಆಗಿದೆ" ಅನ್ನೋದು ಬಹಳ ಸಲ ಇದನ್ನೇ.

ಆ 1.4 ವೋಲ್ಟ್ ಹೋಗಿದ್ದೆಲ್ಲಿಗೆ? ಹಳೇ ಕಾರುಗಳಲ್ಲಿ ಲೈಟಿನ ಪೂರ್ತಿ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನವರೆಗೆ ಹೋಗಿ, ಸಣ್ಣ ವೈರಿನಲ್ಲಿ ವಾಪಸ್ ಬರುತ್ತೆ. ಜೊತೆಗೆ ಮುಂಬೈನ ಉಪ್ಪುಗಾಳಿ, ತೇವ: ಬಾಡಿಗೆ ಬೋಲ್ಟ್ ಹಾಕಿರೋ ಅರ್ತ್ ವೈರಿನ ತುದಿ ಹಸಿರುಗಟ್ಟಿರುತ್ತೆ. ಅಂಗಡಿಯವರು ಆ ತುದಿಯನ್ನ ಉಜ್ಜಿ ಬಿಗಿ ಮಾಡಿದರು, ಆಮೇಲೆ ಒಂದು ರಿಲೇ ಹಾರ್ನೆಸ್ ಹಾಕಿದರು. ಅಂದ್ರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ನೇರ ಬಲ್ಬಿಗೆ, ಹಳೇ ಸ್ವಿಚ್ಚು ಬರೀ ಸಿಗ್ನಲ್ ಕೊಡೋಕೆ. ಈಗ ಹೋಲ್ಡರಿನಲ್ಲಿ 13.5. ಲೆಕ್ಕ ಹಾಕಿದರೆ ಅದೇ ಬಲ್ಬಿನಲ್ಲಿ ಶೇಕಡಾ 33ರಷ್ಟು ಹೆಚ್ಚು ಬೆಳಕು. (ನಮ್ಮ ಭಾಷೇಲಿ ಹೇಳೋದಾದ್ರೆ, ಕ್ವೆರಿ ನೋಡದೆ ಸರ್ವರಿಗೆ ರ‍್ಯಾಮ್ ಹಾಕೋ ಬುದ್ಧಿ ಬಿಡಬೇಕು.) ಇತ್ತೀಚಿನ ಕಾರುಗಳಲ್ಲಿ ಲೈಟನ್ನ ಕಂಪ್ಯೂಟರ್ ಮಾಡ್ಯೂಲ್ ನಿಯಂತ್ರಿಸುತ್ತೆ. ಅಲ್ಲಿ ಈ ಕೆಲಸ ಬೇಕಾಗಲ್ಲ, ವೈರ್ ಕತ್ತರಿಸೋಕೂ ಹೋಗಬೇಡಿ, ವಾರಂಟಿ ಹೋಗುತ್ತೆ.

100/90 ವ್ಯಾಟ್ ಬಲ್ಬ್ ಹಾಕಿದ್ರೆ ಆಗಲ್ವಾ? ಹಳೇ ವೈರಿನಲ್ಲಿ ಅದು ಅಪಾಯ. 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆದ್ರೆ, 100 ವ್ಯಾಟಿನದ್ದು 8.3 ಆಂಪಿಯರ್. ವೈರು, ಹೋಲ್ಡರುಗಳಲ್ಲಿ ಹುಟ್ಟೋ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಎರಡೂಮುಕ್ಕಾಲು ಪಟ್ಟು. ಅಂಗಡಿಯ ಗೋಡೆಗೆ ಕರಗಿದ ಹೋಲ್ಡರುಗಳನ್ನ ಹಾರದ ಥರ ನೇತು ಹಾಕಿದ್ದಾರೆ, ವಿಡಿಯೋದಲ್ಲಿ ನೋಡಿ. ಮೇಲಾಗಿ ವೋಲ್ಟೇಜ್ ನಷ್ಟವೂ ಹೆಚ್ಚಾಗುತ್ತೆ, ದುಡ್ಡು ಕೊಟ್ಟ ಬೆಳಕಿನಲ್ಲಿ ಒಂದು ಪಾಲು ವೈರೇ ತಿನ್ನುತ್ತೆ.

ಇನ್ನು ಎಲ್‌ಇಡಿ. ಇಲ್ಲಿ ಸಮಸ್ಯೆ ಬೆಳಕು ಎಷ್ಟು ಅನ್ನೋದಲ್ಲ, ಎಲ್ಲಿಗೆ ಹೋಗುತ್ತೆ ಅನ್ನೋದು. ಎಚ್4 ಬಲ್ಬನ್ನ ಕೈಯಲ್ಲಿ ಹಿಡಿದು ನೋಡಿ: ಒಳಗೆ ಎರಡು ಫಿಲಮೆಂಟ್, ಲೋ ಬೀಮಿನ ಫಿಲಮೆಂಟ್ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಆ ಬಟ್ಟಲು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ತಡೆಯುತ್ತೆ, ಅದರಿಂದಲೇ ಗೋಡೆ ಮೇಲೆ ಆ ಸ್ಪಷ್ಟ ಗೆರೆ, ಅಂದ್ರೆ ಕಟ್‌ಆಫ್, ಮೂಡೋದು. ನಮ್ಮಲ್ಲಿ ಎಡಗಡೆ ಓಡಿಸೋದರಿಂದ ಗೆರೆ ಎಡಕ್ಕೆ ಸ್ವಲ್ಪ ಮೇಲೇರುತ್ತೆ, ಅಂಚಿನಲ್ಲಿ ನಡೆಯೋರು ಕಾಣಲಿ ಅಂತ. ಇಡೀ ರಿಫ್ಲೆಕ್ಟರ್ ವಿನ್ಯಾಸ ಮಾಡಿರೋದು ಆ ಕೆಲವೇ ಮಿಲಿಮೀಟರ್ ತಂತಿ ಇರೋ ಜಾಗಕ್ಕೆ. ಚಪ್ಪಟೆ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಗೆರೆ ಮೇಲೆ ಚೆಲ್ಲುತ್ತೆ. ನಮಗೆ ಬಾನೆಟ್ ಮುಂದೆ ಬೆಳ್ಳಗೆ ಕಂಡು ಖುಷಿ ಆಗುತ್ತೆ, ದೂರದ್ದು ಮೊದಲಿಗಿಂತ ಕಡಿಮೆ ಕಾಣುತ್ತೆ, ಎದುರಿಗೆ ಬರೋ ಬೈಕಿನವನಿಗೆ ಏನೂ ಕಾಣಲ್ಲ. ಇದೇ 90 ಫೀಟ್ ರೋಡಿನಲ್ಲಿ ರಾತ್ರಿ ಕೈಗಾಡಿ ತಳ್ಳೋರ ಕಣ್ಣಿನ ಮಟ್ಟ, ನಮ್ಮ ಚೆಲ್ಲಿದ ಬೆಳಕಿನ ಮಟ್ಟ ಎರಡೂ ಹೆಚ್ಚುಕಮ್ಮಿ ಒಂದೇ.

ಜರ್ಮನಿಯಲ್ಲಿ 2020ರಲ್ಲಿ ಓಸ್ರಾಮ್ ಕಂಪನಿಯ ಎಚ್7 ಎಲ್‌ಇಡಿ ಬಲ್ಬಿಗೆ ರಸ್ತೆ ಅನುಮತಿ ಸಿಕ್ಕಿತು, ಆದರೆ ಪಟ್ಟಿಯಲ್ಲಿರೋ ಕಾರು ಮಾದರಿಗಳಿಗೆ ಮಾತ್ರ. ಅಂದ್ರೆ ಬಲ್ಬ್ ಒಳ್ಳೇದಾದ್ರೂ ಸಾಲದು, ಆ ಲ್ಯಾಂಪಿನ ಜೊತೆ ಪರೀಕ್ಷೆ ಆಗಬೇಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕೆ ವಿರುದ್ಧ ಬದಲಾವಣೆಯನ್ನ ಒಪ್ಪಲ್ಲ. ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ನಿಪ್ಪಾಣಿ ದಾಟೋ ಮುಂಚೆ ಇದು ನೆನಪಿರಲಿ.

ಬಲ್ಬೇ ಬದಲಿಸಬೇಕು ಅಂದ್ರೆ ನನ್ನ ಆಯ್ಕೆ ಅದೇ 60/55 ವ್ಯಾಟಿನ ಒಳ್ಳೆ ಕಂಪನಿಯ ಸುಧಾರಿತ ಹ್ಯಾಲೊಜೆನ್. "+130" ಅಂತ ಇದ್ರೆ ಒಟ್ಟು ಬೆಳಕು ಅಷ್ಟು ಹೆಚ್ಚು ಅಂತಲ್ಲ, ರಸ್ತೆಯ ಕೆಲವು ಬಿಂದುಗಳಲ್ಲಿ, ಕಾನೂನಿನ ಕನಿಷ್ಠ ಮಟ್ಟಕ್ಕೆ ಹೋಲಿಸಿದ ಸಂಖ್ಯೆ ಅದು. ಆಯುಷ್ಯ ಕಡಿಮೆ, ಒಂದು ಸ್ಪೇರ್ ಇಟ್ಕೊಳ್ಳಿ. ನೀಲಿ ಗಾಜಿನದ್ದು ಬೇಡ, ಆ ಬಣ್ಣ ಇದ್ದ ಬೆಳಕನ್ನೇ ಸೋಸಿ ಕಡಿಮೆ ಮಾಡುತ್ತೆ.

ಫಾಗ್ ಲ್ಯಾಂಪ್ ವಿಷಯ. ಹಳದಿ ಬೆಳಕು ಮಂಜನ್ನ ಸೀಳುತ್ತೆ ಅಂತಾರೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಹಾಗಾಗಿ ಎಲ್ಲಾ ಬಣ್ಣನೂ ಹೆಚ್ಚುಕಮ್ಮಿ ಒಂದೇ ಥರ ಚದುರುತ್ತೆ. ಫ್ರಾನ್ಸಿನಲ್ಲಿ 1936ರಿಂದ 1993ರವರೆಗೆ ಹಳದಿ ಹೆಡ್‌ಲೈಟೇ ಕಡ್ಡಾಯ ಇತ್ತು, ಆಮೇಲೆ ಬಿಟ್ಟರು. ಹಳದಿಯಲ್ಲಿ ಕಣ್ಣಿಗೆ ಕಿರಿಕಿರಿ ಕಡಿಮೆ ಅನ್ನೋದು ನನ್ನ ಅನುಭವವೂ ಹೌದು, ಅಷ್ಟಕ್ಕೆ ಹಾಕ್ಕೊಳ್ಳಿ. ನಿಜವಾಗಿ ಕೆಲಸ ಮಾಡೋದು ಲ್ಯಾಂಪ್ ಕೆಳಗಿರೋದು, ಅಗಲವಾಗಿ ಹರಡೋದು. ಎಚ್16 ಬಲ್ಬ್ 19 ವ್ಯಾಟ್, ಎಚ್8 35, ಎಚ್11 55. ಬುಡ ಹೆಚ್ಚುಕಮ್ಮಿ ಒಂದೇ ಥರ, ಕಿವಿ ಮಾತ್ರ ಬೇರೆ. ಆ ಕಿವಿ ಅರದಿಂದ ಉಜ್ಜಿ ದೊಡ್ಡದನ್ನ ತುರುಕಿದ್ರೆ ಪ್ಲಾಸ್ಟಿಕ್ ರಿಫ್ಲೆಕ್ಟರ್ ಸುಟ್ಟು ಹೋಗುತ್ತೆ.

ಕೊನೆಗೆ ಖರ್ಚಿಲ್ಲದ ಎರಡು ಕೆಲಸ. ಲೆನ್ಸ್ ಪಾಲಿಕಾರ್ಬನೇಟ್, ಬಿಸಿಲಿಗೆ ಹಳದಿಗಟ್ಟುತ್ತೆ. ನೀರು ಹಾಕಿ 800, 1500, 2000 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಕ್ರಮವಾಗಿ ಉಜ್ಜಿ ಪಾಲಿಶ್ ಮಾಡಿ, ಮೇಲೆ ಯುವಿ ಕೋಟಿಂಗ್ ಹಾಕಿಸಿ. ಇಲ್ಲದಿದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ. ಆಮೇಲೆ ಗೋಡೆಯಿಂದ 5 ಮೀಟರ್ ದೂರ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಲೋ ಬೀಮಿನ ಗೆರೆ ಲ್ಯಾಂಪಿನ ಮಧ್ಯಭಾಗದ ಎತ್ತರಕ್ಕಿಂತ 5ರಿಂದ 7 ಸೆಂಟಿಮೀಟರ್ ಕೆಳಗೆ ಬರೋ ಹಾಗೆ ಸ್ಕ್ರೂ ತಿರುಗಿಸಿ. ಊರಿಗೆ ಹೊರಡುವಾಗ ಹಿಂದೆ ಮೂರು ಜನ, ಡಿಕ್ಕಿ ತುಂಬ ಬ್ಯಾಗು ಇದ್ರೆ ಕಾರಿನ ಮೂಗು ಮೇಲೇಳುತ್ತೆ. ಸ್ಟಿಯರಿಂಗ್ ಪಕ್ಕ 0, 1, 2, 3 ಅಂತ ಒಂದು ಪುಟ್ಟ ಚಕ್ರ ಇರುತ್ತಲ್ಲ, ಅದು ಇದಕ್ಕೇ ಇರೋದು. 2ಕ್ಕೋ 3ಕ್ಕೋ ಇಟ್ಟು, ಗೋಡೆ ಮೇಲೆ ಇನ್ನೊಂದು ಸಲ ನೋಡಿ ಹೊರಡಿ.